ಕೇಳಿಸಿಕೊಂಡವನು

ಸೋಮವಾರ ಹನ್ನೊಂದು ಗಂಟೆಗೆ ಬಿಂದು ಸಾಗರದ ಕಾಲೇಜಿನ ಗ್ರಂಥಾಲಯದ ಬಾಗಿಲಲ್ಲಿ ಬಂದು ನಿಂತಾಗ ಗ್ರಂಥಪಾಲಕ ಕಾಂತರಾಜನಿಗೆ ಮೊದಲು ಬಂದದ್ದು ತನ್ನ ಮುಖ ಈಗ ಹೇಗೆ ಕಾಣುತ್ತಿರಬಹುದು ಎಂಬ ಯೋಚನೆ. ಹುಬ್ಬನ್ನು ತುಸು ಎತ್ತಿದ, ಗಲ್ಲ ಇಳಿಸಿದ, ಪುಸ್ತಕಗಳ ಹಿಂದೆ ಇದ್ದ ಕೈಗಳನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟ. ಇಷ್ಟೆಲ್ಲ ಆದ ಮೇಲೆ ಆಕೆಯ ಕಣ್ಣು ಕೆಂಪಾಗಿರುವುದು ಕಾಣಿಸಿತು. ಬಿಂದು ಅವನ ಗೆಳೆಯ ದುರ್ಗೇಶನ ಹೆಂಡತಿ. ದುರ್ಗೇಶ್ ಅದೇ ಕಾಲೇಜಿನ ಪಿ.ಟಿ. ಮೇಷ್ಟ್ರು. ಗೆಳೆಯ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವಾಗಲೂ ಕಾಂತರಾಜನಿಗೆ ಬೇರೆಯವರ ಅಂಗಿ ತೊಟ್ಟ ಹಾಗೆ ಮುಜುಗರವಾಗುತ್ತಿತ್ತು. ನಲವತ್ತನಾಲ್ಕು ವರ್ಷದ ಬದುಕಿನಲ್ಲಿ ಹಾಗೆ ಕರೆಯಬಹುದಾದ ಮನುಷ್ಯ ಸಿಕ್ಕಿದ್ದು ಈ ನಾಲ್ಕು ತಿಂಗಳಲ್ಲಿ. ಶುಕ್ರವಾರ, ಶನಿವಾರ ದುರ್ಗೇಶ್ ಕಾಲೇಜಿಗೆ ಬಂದಿರಲಿಲ್ಲ. ಕಾಂತರಾಜ ಒಂದು ಸಲ ಫೋನ್ ಮಾಡಿದ್ದ, ಸ್ವಿಚ್ ಆಫ್ ಆಗಿತ್ತು. ಎರಡನೆಯ ಸಲ ಮಾಡಲಿಲ್ಲ. ಮತ್ತೆ ಮತ್ತೆ ಫೋನ್ ಮಾಡುವವನು ಅಂಟಿಕೊಳ್ಳುವವನ ಹಾಗೆ ಕಾಣುತ್ತಾನೆ ಎಂದು ಅವನು ಕಲಿತಿದ್ದ.

ಕಲಿತದ್ದು ತೀರ್ಥಹಳ್ಳಿಯಲ್ಲಿ. ಹೋದ ಜುಲೈನಲ್ಲಿ ವಿದ್ಯಾರ್ಥಿಗಳಿಂದ ಸಿಬ್ಬಂದಿಯ ಬಗ್ಗೆ ಅಭಿಪ್ರಾಯ ಬರೆಸಿಕೊಂಡಿದ್ದರು. ಪ್ರಿನ್ಸಿಪಾಲ್ ಶ್ಯಾಮಲಾ ಮೇಡಂ ಸಭೆಯಲ್ಲಿ ಅವುಗಳಲ್ಲಿ ಕೆಲವನ್ನು ಓದಿದರು. ಲೈಬ್ರರಿ ಸರ್ ಮುಖ ನೋಡಿದರೆ ಕೇಳಲು ಬಂದ ಪುಸ್ತಕದ ಹೆಸರೇ ಮರೆತುಹೋಗುತ್ತದೆ ಎಂದು ಯಾರೋ ಬರೆದಿದ್ದರು. ಎಲ್ಲರೂ ನಕ್ಕರು. ಅವನೂ ನಕ್ಕ, ಒಂದು ಗಳಿಗೆ ತಡವಾಗಿ. ಆ ತಡವಾದ ನಗುವಿಗೆ ಅವರು ಇನ್ನೊಮ್ಮೆ ನಕ್ಕರು. ಮೇಡಂ ಅವನನ್ನು ತೀರ್ಥಹಳ್ಳಿಯ ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಕಳಿಸಿದರು. ಅಲ್ಲಿ ಗೌತಮ್ ಎಂಬ ತರಬೇತುದಾರ, ಇವನಿಗಿಂತ ಹದಿನೈದು ವರ್ಷ ಚಿಕ್ಕವನು, ಮೂವತ್ತು ಜನರ ಎದುರು ಇವನ ಗಲ್ಲ ಹಿಡಿದು ಎತ್ತಿ, ಸರ್ ನೀವು ಜನರನ್ನ ನೋಡ್ತಾ ಇಲ್ಲ, ಅವರ ಹಿಂದಿರೋ ಗೋಡೆ ನೋಡ್ತಾ ಇದೀರಿ ಎಂದ. ಮುಖ ಸುಟ್ಟಂತಾಗಿತ್ತು. ಆದರೂ ಅವನು ಹೇಳಿದ್ದನ್ನೆಲ್ಲ ಕಾಂತರಾಜ ಬರೆದುಕೊಂಡ. ಎರಡು ಹುಬ್ಬುಗಳ ನಡುವೆ ನೋಡಬೇಕು. ನಿಧಾನವಾಗಿ ತಲೆ ಆಡಿಸಬೇಕು. ಎದುರಿನವರು ಕೂತ ಹಾಗೆ ಕೂರಬೇಕು, ಆದರೆ ಅವರಿಗೆ ಗೊತ್ತಾಗಬಾರದು. ಅವರ ಕೊನೆಯ ಮಾತನ್ನು ಮೆಲ್ಲಗೆ ತಿರುಗಿ ಅನ್ನಬೇಕು. ಆಗ ತಮ್ಮ ಮಾತು ಕೇಳುವವರು ಇದ್ದಾರೆಂದು ಅವರಿಗೆ ಅನ್ನಿಸುತ್ತದೆ. ಬಚ್ಚಲಿನ ಕನ್ನಡಿಯ ಎದುರು ಒಂದು ತಿಂಗಳು ಅಭ್ಯಾಸ ಮಾಡಿದ. ಆಮೇಲೆ ಅದು ಎಷ್ಟು ಸಲೀಸಾಗಿ ನಡೆಯಿತೆಂದರೆ ಅವನಿಗೇ ಹೆದರಿಕೆಯಾಯಿತು. ಹುಡುಗಿಯರು ಪುಸ್ತಕ ವಾಪಸು ಕೊಡುವಾಗ ನಿಂತು ಮಾತಾಡಿದರು. ಇಂಗ್ಲಿಷ್ ವಿಭಾಗದ ಸುಮನಾ ಮೇಡಂ ಮಗಳ ನಾಮಕರಣಕ್ಕೆ ಕರೆದರು. ಇಷ್ಟು ವರ್ಷ ಜನ ತನ್ನಿಂದ ಬಯಸಿದ್ದು ಇಷ್ಟೇ ಆಗಿದ್ದರೆ, ತಾನು ಕೊಡದೆ ಇದ್ದದ್ದು ಏನು, ಈಗ ಕೊಡುತ್ತಿರುವುದಾದರೂ ಏನು ಎಂದು ಒಮ್ಮೊಮ್ಮೆ ಬಸ್ಸಿನಲ್ಲಿ ಕೂತಾಗ ಅನ್ನಿಸುತ್ತಿತ್ತು. ಯಾರಾದರೂ ಪರಿಚಯದವರು ಹತ್ತಿದ ಕೂಡಲೇ ಆ ಯೋಚನೆ ಬಿಟ್ಟು ಹುಬ್ಬು ಎತ್ತುತ್ತಿದ್ದ.

ಬಿಂದು ಕುರ್ಚಿಯ ತುದಿಯಲ್ಲಿ ಕೂತಳು. ಕಾಂತರಾಜನೂ ತನ್ನ ಕುರ್ಚಿಯ ತುದಿಗೆ ಸರಿದ. ದುರ್ಗೇಶ್ ಶುಕ್ರವಾರ ಬೆಳಿಗ್ಗೆ ಮನೆ ಬಿಟ್ಟವನು, ಫೋನ್ ಇಲ್ಲ, ಸುದ್ದಿ ಇಲ್ಲ ಎಂದಳು. ಗುರುವಾರ ಸಂಜೆ ಮನೆಗೆ ಬಂದು, ಮೂರು ವರ್ಷದಿಂದ ಹೇಳದೆ ಇದ್ದದ್ದನ್ನು ಹೇಳಿದನಂತೆ. ಕಾಂತಣ್ಣನಿಗೂ ಎಲ್ಲ ಹೇಳಿದೀನಿ, ಹೋಗಿ ಅಂದ್ರು, ಅವರು ಹೇಳಿದ ಮೇಲೆ ನಂಗೆ ಧೈರ್ಯ ಬಂತು ಅಂದನಂತೆ.

ಗುರುವಾರ ಸಂಜೆ ಬಸ್‌ಸ್ಟ್ಯಾಂಡಿನ ಹಿಂದಿನ ಚಾ ಅಂಗಡಿಯಲ್ಲಿ ಕಾಂತರಾಜ, ದುರ್ಗೇಶ್ ಇಬ್ಬರೂ ಮುಕ್ಕಾಲು ಗಂಟೆ ಕೂತಿದ್ದರು. ದುರ್ಗೇಶ್ ಮಾತಾಡಿದ್ದ. ಎಡಗಾಲು ಬೆಂಚಿನ ಕೆಳಗೆ ಮಡಚಿ, ಚಾ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದಿದ್ದ; ಕಾಂತರಾಜ ಸ್ವಲ್ಪ ಹೊತ್ತು ಬಿಟ್ಟು ಹಾಗೇ ಮಾಡಿದ್ದ. ಆ ದಿನ ಅವನು ಹೊಸದೊಂದನ್ನು ಪ್ರಯತ್ನಿಸುತ್ತಿದ್ದ: ಎದುರಿನವನ ಉಸಿರಿನ ಲಯಕ್ಕೆ ತನ್ನ ಉಸಿರನ್ನು ಹೊಂದಿಸುವುದು. ದುರ್ಗೇಶನ ಉಸಿರು ಏರುಪೇರಾಗಿತ್ತು, ಹೊಂದಿಸುವುದು ಕಷ್ಟವಾಗಿ ಪೂರ್ತಿ ಗಮನ ಅಲ್ಲೇ ಇತ್ತು. ಕೊನೆಗೆ ದುರ್ಗೇಶ್ ಮುಂದೆ ಬಾಗಿ, ಹೋಗ್ಲಾ ಕಾಂತಣ್ಣ ಎಂದು ಕೇಳಿದ್ದ. ಆ ಧ್ವನಿ ಹೌದು ಎನ್ನಿಸಿಕೊಳ್ಳಲು ಕಾದಿರುವ ಧ್ವನಿ ಎಂದು ಕಾಂತರಾಜನಿಗೆ ಗೊತ್ತಾಗಿತ್ತು. ಹೋಗಿ, ನಿಮಗೆ ಸರಿ ಅನ್ನಿಸಿದ್ದನ್ನ ಮಾಡಿ ಅಂದಿದ್ದ. ದುರ್ಗೇಶನ ಕಣ್ಣು ತುಂಬಿ, ಇವನ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಟ್ಟಿರಲಿಲ್ಲ. ಮನೆಗೆ ನಡೆಯುವಾಗ ಕಾಂತರಾಜ ಶಿಳ್ಳೆ ಹಾಕಿದ್ದ. ಲೋಟ, ಮಡಚಿದ ಕಾಲು, ಉಸಿರು, ಕೈಯ ಬಿಸಿ ಎಲ್ಲ ನೆನಪಿದೆ. ಒಂದು ಮಾತೂ ನೆನಪಿಲ್ಲ.

ಇದನ್ನು ಬಿಂದುವಿಗೆ ಹೇಳಬಹುದಿತ್ತು. ಹೇಳುವುದಕ್ಕೆ ಎರಡೇ ಮಾತು ಸಾಕಿತ್ತು. ಆಕೆ ಅವನ ಮುಖವನ್ನೇ ನೋಡುತ್ತಿದ್ದಳು, ಇಡೀ ಊರಿನಲ್ಲಿ ತನ್ನ ಗಂಡನ ಮನಸ್ಸು ಬಲ್ಲವನು ಇವನೊಬ್ಬನೇ ಎಂಬ ಹಾಗೆ. ಹಾಗೆ ಅವನನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

"ಮೇಗರವಳ್ಳಿಗೇ ಹೋಗಿರ್ಬೋದಾ ಅಣ್ಣ?" ಎಂದಳು ಬಿಂದು.

"ಮೇಗರವಳ್ಳಿಗೆ," ಎಂದ ಕಾಂತರಾಜ, ಮೆಲ್ಲಗೆ.

"ಅವರ ಮನೆಗಾ?"

"ಅವರ ಮನೆಗೆ."

ಆಕೆ ಕಣ್ಣು ಮುಚ್ಚಿ ತೆರೆದಳು. ಪೊಲೀಸರ ಹತ್ತಿರ ಹೋಗಬೇಕೆಂದು ಹೊರಟಿದ್ದಳಂತೆ, ಸದ್ಯ ಬೇಡ, ತಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಎದ್ದಳು. ಬಾಗಿಲ ತನಕ ಹೋದವಳು ತಿರುಗಿ, ನೀವಿದ್ದದ್ದಕ್ಕೆ ಆಯ್ತು ಅಣ್ಣ ಎಂದಳು. ಅವನು ತಲೆ ಆಡಿಸಿದ. ಆಕೆ ಹೋದ ಮೇಲೂ ಅದು ಸ್ವಲ್ಪ ಹೊತ್ತು ತಾನಾಗಿಯೇ ಆಡುತ್ತಿತ್ತು.

ಮೇಗರವಳ್ಳಿಯಲ್ಲಿ ಯಾರಿದ್ದಾರೆ ಎಂದು ನೆನಪಾಗಲು ಮಧ್ಯಾಹ್ನ ಆಯಿತು. ವಾಚನಾಲಯದ ಗೋಡೆಯ ಮೇಲೆ ಕಬಡ್ಡಿ ತಂಡದ ಹಳೆಯ ಫೋಟೋ ಇತ್ತು. ಎರಡನೆಯ ಸಾಲಿನಲ್ಲಿ ಸಚಿನ್, ಕಿವಿ ಅಗಲ, ಬಾಯಿ ಮುಚ್ಚಿ ನಗುತ್ತಿದ್ದ. ಮೇಗರವಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗ. ಮೂರು ವರ್ಷದ ಕೆಳಗೆ, ಹಿನ್ನೀರಿನಲ್ಲಿ ಸೇತುವೆಯ ಕಂಬಗಳು ಇನ್ನೂ ಏಳುತ್ತಿದ್ದ ವರ್ಷ, ಪಂದ್ಯ ಗೆದ್ದ ಖುಷಿಗೆ ದುರ್ಗೇಶ್ ತಂಡವನ್ನು ಸಿಗಂದೂರಿಗೆ ಕರೆದುಕೊಂಡು ಹೋಗಿದ್ದ. ಆಚೆ ದಡಕ್ಕೆ ಹೋಗುವ ಲಾಂಚಿಗೆ ಕಾಯುತ್ತಿದ್ದಾಗ ಸಚಿನ್ ನೀರಿಗಿಳಿದ, ಮೇಲೆ ಬರಲಿಲ್ಲ. ಬೇಡವೆಂದರೂ ಕೇಳದೆ ಇಳಿದ ಎಂದು ದುರ್ಗೇಶ್ ಬರೆದುಕೊಟ್ಟಿದ್ದ. ಕಾಲೇಜು ವಿಚಾರಣೆ ಮಾಡಿ ಅದನ್ನೇ ಒಪ್ಪಿತ್ತು. ಹುಡುಗನ ಲೈಬ್ರರಿ ಕಾರ್ಡನ್ನು ಕಾಂತರಾಜನೇ ರದ್ದು ಮಾಡಿದ್ದ.

ಸಂಜೆ ಮನೆಯಲ್ಲಿ ಹೆಂಡತಿ ಸ್ವಾತಿ ಹೊಸನಗರದ ತಮ್ಮನ ವಿಷಯ ಏನೋ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಆಕೆ ಸೌಟು ಕೆಳಗಿಟ್ಟಳು.

"ಈಗ ನಾನು ಹೇಳಿದ್ದು ಎಂತ, ಹೇಳಿ ನೋಡಣ."

ಅವನು ಹುಬ್ಬು ಎತ್ತಿದ. ಆಕೆ ಸಿಟ್ಟಾಗಲಿಲ್ಲ. ಮುಂಚೆ ನೀವು ಕೇಳ್ತಾ ಇಲ್ಲ ಅನ್ನೋದು ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಈಗ ಅದೂ ಗೊತ್ತಾಗಲ್ಲ ಎಂದು ಹೇಳಿ ಒಗ್ಗರಣೆಗೆ ತಿರುಗಿದಳು. ಅಷ್ಟರಲ್ಲಿ ಬಿಂದುವಿನ ಫೋನ್ ಬಂತು. ಆಕೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿದ್ದಳು. ಹಿಂದೆ ಬಸ್ಸುಗಳ ಹಾರ್ನ್. ದುರ್ಗೇಶ್ ಮೇಗರವಳ್ಳಿಗೆ ಹೋಗಿಯೇ ಇರಲಿಲ್ಲ. ರಸ್ತೆ ಬದಿಯಲ್ಲಿ ಆ ಹುಡುಗನ ಅಮ್ಮ ಕನ್ನಮ್ಮನ ಸಣ್ಣ ಹೋಟೆಲು. ಬಿಂದು ನೇರ ಒಳಗೆ ಹೋಗಿ, ನಮ್ಮನೆಯವರು ಬಂದು ನಿಮಗೆ ಹೇಳಿದ್ರಲ್ಲ ಎಂದು ಕೇಳಿಬಿಟ್ಟಿದ್ದಳು. ಏನು ಹೇಳಿದ್ರು ಎಂದು ಕನ್ನಮ್ಮ ಕೇಳಿದಳು. ಅಷ್ಟು ಹೊತ್ತಿಗೆ ಗಂಡ ಕನ್ನಪ್ಪನೂ ಬಂದು ನಿಂತಿದ್ದ. ಬಿಂದುವಿಗೆ ನಾಲಿಗೆ ಹಿಂದಕ್ಕೆ ಎಳೆದುಕೊಳ್ಳಲು ಆಗಲಿಲ್ಲ. ಹುಡುಗ ಮೇಷ್ಟ್ರನ್ನ ಕೇಳಿಯೇ ಇಳಿದದ್ದಂತೆ ಎಂದುಬಿಟ್ಟಳು.

"ಅವರ ಮನೆಗೇ ಹೋಗಿದಾರೆ ಅಂದ್ರಲ್ಲ ಅಣ್ಣ ನೀವು," ಎಂದಳು ಬಿಂದು. ಅದು ಆಪಾದನೆಯಾಗಿರಲಿಲ್ಲ. ಅರ್ಥವಾಗದ್ದನ್ನು ಕೇಳುವ ಮಕ್ಕಳ ಧ್ವನಿಯಲ್ಲಿತ್ತು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಫೋನಿನಲ್ಲಿ ತಲೆ ಆಡಿಸಿದರೆ ಕಾಣುವುದಿಲ್ಲ.

ಮಂಗಳವಾರ ದುರ್ಗೇಶ್ ಬಂದ. ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದನಂತೆ. ದಿನಾ ಬೆಳಿಗ್ಗೆ ಆಗುಂಬೆ ಬಸ್ಸು ನಿಲ್ಲುವಲ್ಲಿಗೆ ಹೋಗಿ, ಬಸ್ಸು ಹೋದ ಮೇಲೆ ತಿರುಗಿ ಬರುತ್ತಿದ್ದನಂತೆ. ಇದನ್ನು ಕಾಂತರಾಜನಿಗೆ ಹೇಳಿದ್ದು ಸುಮನಾ ಮೇಡಂ. ದುರ್ಗೇಶ್ ಗ್ರಂಥಾಲಯದ ಕಡೆ ಸುಳಿಯಲಿಲ್ಲ. ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ದುರ್ಗೇಶ್ ಸೀಟಿ ಬಾಯಲ್ಲಿಟ್ಟುಕೊಂಡು ಊದದೆ ನಿಂತಿದ್ದ, ಹುಡುಗರು ಅವನ ಸುತ್ತ ತಮ್ಮಷ್ಟಕ್ಕೆ ಓಡುತ್ತಿದ್ದರು. ಗುರುವಾರ ಕನ್ನಪ್ಪ ಕನ್ನಮ್ಮ ಕಾಲೇಜಿಗೆ ಬರುತ್ತಾರೆಂದು ಆಫೀಸಿನಿಂದ ಸುದ್ದಿ ಬಂತು. ಬಿಂದು ಮೇಗರವಳ್ಳಿಯಲ್ಲಿ ಅವನ ಹೆಸರನ್ನೂ ಹೇಳಿದ್ದರಿಂದ, ಅದರ ಜೊತೆಗೇ ಕಾಂತರಾಜನಿಗೂ ಕರೆ ಬಂತು. ಆಡಳಿತ ಮಂಡಳಿಯ ಕಾರ್ಯದರ್ಶಿ ಜಟ್ಟಿಂಗಪ್ಪನವರು ಕಾರಿಡಾರಿನಲ್ಲಿ ಸಿಕ್ಕಿ, ಮೊದಲ ಬಾರಿಗೆ ಅವನ ಹೆಸರು ಹಿಡಿದು ಕರೆದು, ಎಲ್ಲ ನಿಮ್ಮ ಮೇಲಿದೆ ಕಾಂತರಾಜ್ ಎಂದು ಭುಜ ತಟ್ಟಿದರು. ಆ ಕೈ ಹೋದ ಮೇಲೂ ಅದರ ಭಾರ ಅಂಗಿಯ ಮೇಲೆ ಉಳಿದ ಹಾಗಿತ್ತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಕನ್ನಪ್ಪ ಕೂರಲಿಲ್ಲ. ಐವತ್ತರ ಹತ್ತಿರದ, ಒಣಗಿದ ಮೈಯ ಮನುಷ್ಯ. ಬಾಡಿಗೆಗೆ ಲಗೇಜ್ ಗಾಡಿ ಓಡಿಸುತ್ತಿದ್ದ. ಕನ್ನಮ್ಮ ಕೂತು ನೆಲ ನೋಡುತ್ತಿದ್ದಳು. ದುರ್ಗೇಶ್ ಗೋಡೆಗೆ ಒರಗಿದ್ದ, ಬಿಂದು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಶ್ಯಾಮಲಾ ಮೇಡಂ ಹಳೆಯ ವರದಿಯನ್ನು ಓದಿ, ಇದರಲ್ಲಿ ಬದಲಿಸುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದ ದುರ್ಗೇಶ್. ಧ್ವನಿ ಒಡೆದಿತ್ತು. ತನಗೆ ಮೈ ಸರಿ ಇರಲಿಲ್ಲ, ಹೆಂಡತಿ ಏನನ್ನೋ ಏನೋ ಅಂದುಕೊಂಡಳು ಎಂದ. ಮೇಡಂ ಬಿಂದುವಿನ ಕಡೆ ತಿರುಗಿದರು. ಆಕೆ ಗಂಡನನ್ನು ಬಹಳ ಹೊತ್ತು ನೋಡಿ, ನನ್ನ ಯಾಕೆ ಕೇಳ್ತೀರಿ, ಅವರು ಎಲ್ಲ ಹೇಳ್ಕೊಂಡಿದ್ದು ಕಾಂತರಾಜಣ್ಣನ ಹತ್ರ, ಅವರನ್ನೇ ಕೇಳಿ ಎಂದಳು.

ಕನ್ನಪ್ಪ ಆಗ ಕಾಂತರಾಜನ ಎದುರು ಬಂದ.

"ಯಾರನ್ನೂ ಜೈಲಿಗೆ ಹಾಕ್ಸಕ್ಕೆ ಬಂದಿಲ್ಲ ಸರ್. ನಮ್ಮ ಹುಡುಗ ಕೇಳಿ ಇಳಿದ್ನಾ, ಕೇಳ್ದೆ ಇಳಿದ್ನಾ? ಅಷ್ಟು ಗೊತ್ತಾದ್ರೆ ಸಾಕು."

ಕೋಣೆಯಲ್ಲಿದ್ದ ಎಲ್ಲ ಮುಖಗಳನ್ನೂ ಕಾಂತರಾಜ ಓದಬಲ್ಲವನಾಗಿದ್ದ. ಜಟ್ಟಿಂಗಪ್ಪನವರ ಮುಖ ಇಲ್ಲ ಅನ್ನು ಎನ್ನುತ್ತಿತ್ತು, ಬಿಂದುವಿನದು ಹೌದು ಅನ್ನು ಎನ್ನುತ್ತಿತ್ತು, ದುರ್ಗೇಶನ ಕಣ್ಣು ಬೇಡುತ್ತಿತ್ತು. ಹೌದು ಎಂದರೆ ಅದು ನಿಜವೇ ಆಗಬಹುದು, ಆದರೆ ತಾನು ಕೇಳದ್ದನ್ನು ಕೇಳಿದೆ ಎಂದ ಹಾಗಾಗುತ್ತದೆ. ದುರ್ಗೇಶ್ ಹಾಗೆ ಹೇಳಲಿಲ್ಲ ಎಂದರೆ ಅದೂ ತನಗೆ ಗೊತ್ತಿಲ್ಲದ ಮಾತು. ಅವನ ಹತ್ತಿರ ಇದ್ದದ್ದು ಒಂದೇ ಸತ್ಯ. ಅದನ್ನು ಬಾಯಿಗೆ ತರುವಾಗ ಎಲ್ಲರೂ ಈಗ ನಗುತ್ತಾರೆ ಎಂದುಕೊಂಡ.

"ಅವರು ಮಾತಾಡಿದ್ದು ಹೌದು. ನಾನು ಕೇಳಿಸ್ಕೊಳ್ಳಿಲ್ಲ. ಎದುರಿಗೇ ಕೂತಿದ್ದೆ. ನಂಗೆ ಒಂದು ಮಾತೂ ನೆನಪಿಲ್ಲ."

ಯಾರೂ ನಗಲಿಲ್ಲ. ಜಟ್ಟಿಂಗಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಮೇಡಂ ಕಡತ ಮುಚ್ಚಿದರು. ಬಿಂದು ಅವನನ್ನು ನೋಡಿದ ರೀತಿಗೆ ಅವನ ಬಳಿ ಯಾವ ಮುಖವೂ ಇರಲಿಲ್ಲ. ಕನ್ನಪ್ಪ ಇನ್ನೂ ಏನೋ ಬರುತ್ತದೆ ಎಂಬ ಹಾಗೆ ನಿಂತೇ ಇದ್ದ. ಆಮೇಲೆ ಹೆಂಡತಿಗೆ, ನಡಿ, ನಾನು ಮೊದಲೇ ಹೇಳಿರ್ಲಿಲ್ವಾ, ನಿನ್ನ ಮಗ ಯಾರ ಮಾತು ಕೇಳ್ತಿದ್ದ ಎಂದ. ಕನ್ನಮ್ಮ ಎದ್ದಳು. ಬಾಗಿಲಲ್ಲಿ ಆಕೆಯ ಸೆರಗು ಚಿಲಕಕ್ಕೆ ಸಿಕ್ಕಿತು. ಬಿಡಿಸಿಕೊಳ್ಳುವ ತನಕ ಎಲ್ಲರೂ ಕಾದರು, ಯಾರೂ ಏಳಲಿಲ್ಲ.

ಅವತ್ತಿನಿಂದ ಕಾಂತರಾಜನನ್ನು ಜನ ಪ್ರೀತಿಸತೊಡಗಿದರು. ಗೆಳೆಯನಿಗಾಗಿ ಎಲ್ಲರ ಎದುರು ತನ್ನನ್ನೇ ದಡ್ಡನನ್ನಾಗಿ ಮಾಡಿಕೊಂಡವನು ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ನಿಜವಾಗಿಯೂ ಕೇಳಿಸಿಕೊಂಡಿರಲಿಲ್ಲ ಎಂದು ಅವನು ಸುಮನಾ ಮೇಡಂಗೆ ಹೇಳಿದರೆ ಅವರು, ನಮ್ಮ ಹತ್ರನೂ ಬಿಟ್ಟುಕೊಡಲ್ಲ ನೋಡಿ ಎಂದು ಮೆಚ್ಚಿಕೊಂಡರು. ಜಟ್ಟಿಂಗಪ್ಪನವರು ಮಗಳ ಮದುವೆಯ ಕಾಗದವನ್ನು ಕೈಯಾರೆ ತಂದುಕೊಟ್ಟರು. ಊಟದ ಹೊತ್ತಿಗೆ ಅವನಿಗೆಂದು ಕುರ್ಚಿ ಹಿಡಿದಿಡುತ್ತಿದ್ದರು. ಇಷ್ಟು ವರ್ಷ ಬಯಸಿದ್ದೆಲ್ಲ ಒಂದೇ ವಾರದಲ್ಲಿ ಬಂತು. ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟ. ಗಡ್ಡವನ್ನು ಕೈಯಿಂದ ಸವರಿ ಅಂದಾಜಿನಲ್ಲಿ ಹೆರೆದುಕೊಂಡು ಅಲ್ಲಲ್ಲಿ ಗಾಯ ಮಾಡಿಕೊಂಡು ಬರುತ್ತಿದ್ದ. ಅದನ್ನೂ ಜನ ಪಾಪ, ಒಳ್ಳೆಯವನು ಎಂದೇ ಓದಿದರು.

ಮುಂದಿನ ಶುಕ್ರವಾರ ಸಂಜೆ ದುರ್ಗೇಶ್ ಗ್ರಂಥಾಲಯಕ್ಕೆ ಬಂದು ಅವನನ್ನು ಅದೇ ಚಾ ಅಂಗಡಿಗೆ ಕರೆದುಕೊಂಡು ಹೋದ. ಬಿಂದು ತವರಿಗೆ ಹೋಗಿದ್ದಾಳೆ, ಬರುತ್ತಾಳೋ ಇಲ್ಲವೋ ಎಂದ. ಹೆಗಲ ಮೇಲೆ ಕೈ ಹಾಕಿ, ನೀವು ನನ್ನ ಉಳಿಸಿದ್ರಿ, ಸಾಯೋ ತನಕ ಮರೆಯಲ್ಲ ಎಂದ. ಬೆಂಚಿನ ಮೇಲೆ ಅವನು ಕಾಲು ಮಡಚಿದ. ಕಾಂತರಾಜ ಮಡಚಲಿಲ್ಲ. ತನ್ನ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ತೊಡೆಯ ಕೆಳಗೆ ಇಟ್ಟುಕೊಂಡ.

"ನಿಮಗೆ ಗೊತ್ತಿರೋದೇ ಅಲ್ವಾ ಕಾಂತಣ್ಣ," ಎಂದು ದುರ್ಗೇಶ್ ಶುರುಮಾಡಿದ. "ಫೋನಲ್ಲಿ ಇದ್ದೆ ನಾನು. ಯಾರ ಹತ್ರ, ಎಂತಕ್ಕೆ ಅಂತ ಈಗ ನೆನಪೂ ಇಲ್ಲ. ಅವನು ಬಂದು ಕಾಲು ತೊಳ್ಕೊಂಡು ಬರ್ಲಾ ಸರ್ ಅಂದ. ಹೋಗು ಅಂತ ಕೈ ಆಡ್ಸಿದೆ. ತಿರುಗಿ ಬಂದ. ಈಜ್ಲಾ ಸರ್, ದಡದಲ್ಲೇ ಇರ್ತೀನಿ ಅಂದ. ಎಂತ ಕೇಳ್ತಿದಾನೆ ಅಂತ್ಲೂ ನಾನು ನೋಡ್ಲಿಲ್ಲ. ಹೂಂ ಹೂಂ ಅಂದೆ. ಖುಷಿ ಆಗೋಯ್ತು ಅವನಿಗೆ."

ಚಾ ಅಂಗಡಿಯವನು ಹಾಲು ಎತ್ತಿ ಸುರಿಯುತ್ತಿದ್ದ. ಸಿಗಂದೂರಿಗೆ ಹೋಗುವ ಟೆಂಪೋದಿಂದ ಇಳಿದವರು ಹೊಸ ಸೇತುವೆಯ ಮೇಲೆ ನಿಂತು ಫೋಟೋ ತೆಗೆಯುವ ಬಗ್ಗೆ ಮಾತಾಡುತ್ತಿದ್ದರು. ಇವೆಲ್ಲದರ ನಡುವೆ ಒಂದೊಂದು ಮಾತೂ ಕಾಂತರಾಜನ ಕಿವಿಗೆ ಬಂದು ಬಿತ್ತು. ದುರ್ಗೇಶ್ ನಿಲ್ಲಿಸಲಿಲ್ಲ. ಹುಡುಗರು ಕೂಗಿದ್ದು, ತಾನು ಫೋನ್ ಜೇಬಿಗೆ ಹಾಕಿ ಬಟನ್ ಹಾಕಿಕೊಂಡು ಆಮೇಲೆ ಓಡಿದ್ದು, ಮಾರನೆಯ ದಿನ ಬೇಡ ಅಂದರೂ ಇಳಿದ ಎಂದು ಬರೆದುಕೊಟ್ಟದ್ದು, ಅದನ್ನು ಬರೆಯುವಾಗ ಕೈ ನಡುಗದೆ ಇದ್ದದ್ದು. ಹೇಳುತ್ತ ಹೇಳುತ್ತ ಅವನ ಮುಖ ಹಗುರಾಗುತ್ತ ಬಂತು. ಕೊನೆಗೆ, ನಿಮ್ಮ ಹತ್ರ ಹೇಳಿದ್ರೆ ಸಾಕು ಅನ್ಸುತ್ತೆ ನಂಗೆ, ಇನ್ನು ಮೇಗರವಳ್ಳಿಗೆ ಹೋಗೋ ಅಗತ್ಯ ಇಲ್ಲ ಅಲ್ವಾ ಎಂದು ಕೇಳಿ, ಉತ್ತರಕ್ಕಾಗಿ ನೋಡಿದ. ಕಾಂತರಾಜ ಎದ್ದು ಹೋದ. ಹಿಂದಿನಿಂದ ದುರ್ಗೇಶ್ ಎರಡು ಸಲ ಕರೆದದ್ದೂ ಕೇಳಿಸಿತು.

ಶನಿವಾರ ರಜೆ ಹಾಕಿ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋದ, ಅಲ್ಲಿಂದ ಆಗುಂಬೆ ಬಸ್ಸು ಹತ್ತಿದ. ಕನ್ನಮ್ಮನ ಹೋಟೆಲಿನಲ್ಲಿ ಎರಡು ಮೇಜು, ಗಿರಾಕಿ ಇರಲಿಲ್ಲ. ಆಕೆಗೆ ಅವನ ಗುರುತು ತಕ್ಷಣ ಸಿಕ್ಕಿತು. ನೀರು ಕೊಡಲಿಲ್ಲ.

"ಸಚಿನ್ ವಿಷಯ ಹೇಳಕ್ಕೆ ಬಂದೆ," ಎಂದ.

"ಅವತ್ತು ನೆನಪಿಲ್ಲ ಅಂದ್ರಿ."

"ಅವತ್ತು ಗೊತ್ತಿರ್ಲಿಲ್ಲ. ನಿನ್ನೆ ಗೊತ್ತಾಯ್ತು."

ಆಕೆ ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ತಿಳಿಯಲು ಅವನು ಪ್ರಯತ್ನಿಸಲಿಲ್ಲ. ಹೇಳಲು ಬಾಯಿ ತೆರೆದಾಗ ಆಕೆ ಕೈ ಅಡ್ಡ ಹಿಡಿದಳು.

"ನನ್ನೊಬ್ಬಳ ಹತ್ರ ಹೇಳ್ಬೇಡಿ. ನಮ್ಮನೆಯವರು ಬರ್ಲಿ. ನಮ್ಮ ಹುಡುಗ ಕೇಳ್ದೆ ಇಳಿಯೋನಲ್ಲ ಅಂತ ಮೂರು ವರ್ಷದಿಂದ ನಾನು ಹೇಳ್ತಾನೇ ಇದೀನಿ. ನಾನು ಹೇಳಿದ್ರೆ ನಂಬಲ್ಲ ಅವರು."

ಒಂದೂವರೆ ಗಂಟೆ ಕೂತ. ಆಕೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಲಗೇಜ್ ಗಾಡಿ ಬಂದು ನಿಂತಿತು. ಕನ್ನಪ್ಪ ಹಗ್ಗ ಸುತ್ತುತ್ತ ಒಳಗೆ ಬಂದವನು ಇವನನ್ನು ಕಂಡು ಅಲ್ಲೇ ನಿಂತ. ಕಾಂತರಾಜ ಎದ್ದು, ಸಚಿನ್ ಕೇಳಿಯೇ ಇಳಿದದ್ದು ಎಂದ. ಎರಡು ಸಲ ಕೇಳಿದ್ದ ಎಂದ. ಮೊದಲಿನಿಂದ ಹೇಳಿದ, ಚಾ ಅಂಗಡಿಯಲ್ಲಿ ಕೇಳಿದ ಮಾತುಗಳನ್ನೇ, ಒಂದನ್ನೂ ಬಿಡದೆ, ತನ್ನದನ್ನು ಸೇರಿಸದೆ. ಕನ್ನಪ್ಪ ಕೇಳುವಾಗ ಇವನನ್ನು ನೋಡಲಿಲ್ಲ. ಹೆಂಡತಿಯನ್ನು ನೋಡುತ್ತಿದ್ದ. ಆಕೆ ಬೆಳ್ಳುಳ್ಳಿಯ ತಟ್ಟೆ ಪಕ್ಕಕ್ಕಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು, ಒರೆಸಿಕೊಳ್ಳುತ್ತಲೇ ಇದ್ದಳು.

"ಮೇಷ್ಟ್ರು ಈಗ ಎಲ್ಲಿದಾರೆ?"

"ಸಾಗರದಲ್ಲೇ. ಮನೇಲಿ ಒಬ್ರೇ ಇದಾರೆ."

ಹೇಳಿದ ಮೇಲೆ, ಒಬ್ಬರೇ ಎಂಬುದನ್ನು ಹೇಳಬಾರದಿತ್ತೇನೋ ಅನ್ನಿಸಿತು. ಕನ್ನಪ್ಪ ಹೊರಗೆ ಹೋಗಿ ಹಗ್ಗವನ್ನು ಸೀಟಿನ ಮೇಲೆ ಎಸೆದು ಗಾಡಿ ತಿರುಗಿಸಿದ. "ಹತ್ತಿ," ಎಂದ. ಕನ್ನಮ್ಮ ಒಲೆ ಆರಿಸಿ, ಬಾಗಿಲೆಳೆದು ಬೀಗ ಹಾಕಿ ತಾನೂ ಹತ್ತಿದಳು. ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಕನ್ನಪ್ಪ ವೇಗವಾಗಿಯೂ ಓಡಿಸಲಿಲ್ಲ, ನಿಧಾನವಾಗಿಯೂ ಓಡಿಸಲಿಲ್ಲ. ದಿನಾ ಬಾಡಿಗೆಗೆ ಹೋಗುವ ಹಾಗೆ, ಎದುರು ಬರುವ ಬಸ್ಸಿಗೆಲ್ಲ ದಾರಿ ಬಿಟ್ಟುಕೊಡುತ್ತ ಓಡಿಸಿದ. ಆ ಶಾಂತಿಯನ್ನು ಯಾವುದೆಂದು ಓದಬೇಕೋ ಕಾಂತರಾಜನಿಗೆ ತಿಳಿಯಲಿಲ್ಲ. ತೀರ್ಥಹಳ್ಳಿ ಹತ್ತಿರವಾದಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ದುರ್ಗೇಶ್. ಹೊರಗೆ ತೆಗೆದಾಗ ಕನ್ನಪ್ಪ ಹೆಸರನ್ನು ಓದಿದ.

"ಎತ್ತಿ."

ಎಲ್ಲಿದೀರಿ ಕಾಂತಣ್ಣ, ನಿನ್ನೆ ಹಾಗೆ ಎದ್ದು ಹೋದ್ರಿ, ನಿದ್ದೆ ಬರ್ಲಿಲ್ಲ ನಂಗೆ ಎಂದ ದುರ್ಗೇಶ್.

"ಮೇಗರವಳ್ಳಿಯಿಂದ ಬರ್ತಾ ಇದೀನಿ," ಎಂದ ಕಾಂತರಾಜ. "ಕನ್ನಪ್ಪನವರು, ಕನ್ನಮ್ಮನವರು ಜೊತೆಗಿದಾರೆ. ನಿಮ್ಮನೆಗೇ ಬರ್ತಿದೀವಿ."

ಆ ಕಡೆಯಿಂದ ಉಸಿರು ಮಾತ್ರ ಬರುತ್ತಿತ್ತು. ಕುರ್ಚಿ ಸರಿದ ಸದ್ದಾಯಿತು, ಎಲ್ಲೋ ಒಂದು ಬಾಗಿಲು ತೆರೆಯಿತು ಅಥವಾ ಮುಚ್ಚಿತು. ಕಾಂತರಾಜ ಫೋನ್ ಇಡಲಿಲ್ಲ. ಗಾಡಿ ಹೊಸನಗರದ ರಸ್ತೆಗೆ ಹೊರಳಿದರೂ ಆ ಕಡೆಯವನೂ ಇಟ್ಟಿರಲಿಲ್ಲ.